ಮೋಡ ನೋಡ್ತಾ ಕೂತ ಪುಟ್ಟಿಗೆ

ಪುಟ್ಟೀ,

ನಿನ್ನ ಕಾಗದ ಎರಡು ಸಲ ಓದಿದೆ. ಮಿಕ್ಕಿದ್ದೆಲ್ಲ ಇರಲಿ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀಯಲ್ಲ, "ದೊಡ್ಡಪ್ಪಾ, ದ್ರಾಕ್ಷಿ ಕೊಯ್ಯದೆ ಕಾಯ್ತಾ ಕೂತು ಎಲ್ಲ ಕಳ್ಕೊಂಡ್ರೆ?" ಅಂತ. ಅದು ನಿದ್ದೆ ಕೆಡಿಸಿತು.

ಮಾರ್ಚ್ ಶುರುವಾಗಿದೆ, ಬ್ರಿಕ್ಸ್, ಅಂದರೆ ಹಣ್ಣಿನ ರಸದ ಸಕ್ಕರೆ ಅಳತೆ, 21ಕ್ಕೆ ಬಂದು ಅಲ್ಲೇ ನಿಂತಿದೆ, ನಂದಿ ಬೆಟ್ಟದ ತಲೆ ಮೇಲೆ ಮೂರು ದಿನದಿಂದ ಮೋಡ. ಮೋಡ ಇದ್ದಾಗ ಎಲೆ ಸರಿಯಾಗಿ ದುಡಿಯಲ್ಲ, ಸಕ್ಕರೆ ಏರಲ್ಲ. ಗಿಡದ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ.

ನಮ್ಮಪ್ಪನಿಗೆ ಈ ಸಂಕಟ ಇರಲಿಲ್ಲ. ಅವನದು ಬೆಂಗಳೂರು ಬ್ಲೂ ದ್ರಾಕ್ಷಿ, ಬಣ್ಣ ಬಂತಾ, ಕೊಯ್ದು ಮಂಡಿಗೆ ಹಾಕಿದರೆ ಮುಗೀತು. 2007ರಲ್ಲಿ ಸರ್ಕಾರ ವೈನ್ ನೀತಿ ತಂದಾಗ ಎಲ್ಲರ ಜೊತೆ ನಾನೂ ಕ್ಯಾಬರ್ನೆ ಅನ್ನೋ ವೈನ್ ದ್ರಾಕ್ಷಿ ಹಾಕಿದೆ. ಅಕ್ಟೋಬರ್‌ನಲ್ಲಿ ಬಳ್ಳಿ ಕಟಿಂಗ್ ಆದಮೇಲೆ ಐದು ತಿಂಗಳು ಕಾಯಬೇಕು ಅಂದಿದ್ದರು. ಮೊದಲ ಫಸಲಿಗೇ ಇದೇ ಥರ ಮೋಡ ಬಂತು, ಹೆದರಿ ಬ್ರಿಕ್ಸ್ 20ಕ್ಕೇ ಕೊಯ್ಸಿದೆ. ಆಮೇಲೆ ಹನ್ನೆರಡು ದಿನ ಸುಡುಬಿಸಿಲು, ಒಂದು ಹನಿ ಇಲ್ಲ! ಆ ವೈನ್ ಮೂಗಿಗೆ ಹಿಡಿದರೆ ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ.

ಮುಂದಿನ ವರ್ಷ ಹಟ ಹಿಡಿದು ಕಾದೆ. ನಿಮ್ಮ ದೊಡ್ಡಮ್ಮ "ಅರ್ಧನಾದ್ರೂ ಕೊಯ್ದುಬಿಡಿ" ಅಂದಳು. ನಿನಗೇನು ಗೊತ್ತು ಅಂತ ಕೂಲಿಯವರ ಎದುರಿಗೇ ರೇಗಿದೆ. ಎರಡೇ ದಿನಕ್ಕೆ ಆಲಿಕಲ್ಲು ಬಿತ್ತು. ಒಡೆದ ಹಣ್ಣಿನ ಮೇಲೆ ಕಣಜ, ಮೂರನೇ ದಿನಕ್ಕೆ ಸಾಲಿನ ತುಂಬ ಹುಳಿ ವಾಸನೆ. ಅವಳು ಒಂದು ಮಾತೂ ಆಡದೆ ಬುಟ್ಟಿ ತಂದು ಒಡೆಯದ ಗೊಂಚಲು ಆರಿಸೋಕೆ ಕೂತಳು. ದ್ರಾಕ್ಷಿ ಹೋದದ್ದು ಮರೆತೆ ಪುಟ್ಟಿ, ಆ ಬುಟ್ಟಿ ಮರೆಯಲಿಲ್ಲ. ಅವಳಿಗೆ ತಪ್ಪಾಯ್ತು ಅಂತ ಹೇಳೋಕೂ ಆಗಲಿಲ್ಲ, ಹೇಳಬೇಕು ಅನ್ನೋ ಹೊತ್ತಿಗೆ ಅವಳೇ ಇರಲಿಲ್ಲ.

ಹಾಗಾಗಿ ಕಳ್ಕೊಂಡ್ರೆ ಅಂತ ಕೇಳ್ತೀಯಲ್ಲ, ಕಾದೂ ಕಳ್ಕೊಂಡಿದ್ದೀನಿ, ಕಾಯದೇನೂ ಕಳ್ಕೊಂಡಿದ್ದೀನಿ. ನನ್ನಂಥವನ ಮಾತು ಎಷ್ಟು ಕೇಳ್ತೀಯೋ ನಿನಗೆ ಬಿಟ್ಟದ್ದು. ಕೆಳಗಿನ ತುಂಡು ತಗ್ಗು, ಬೆಳಗಿನ ಮಂಜು ಅಲ್ಲೇ ನಿಲ್ಲುತ್ತೆ, ಬೂಜು ಹಿಡಿದರೆ ಮೊದಲು ಅಲ್ಲೇ. ಅದನ್ನ ಕೊಯ್ದುಬಿಡು, ಕೊಳ್ಳೋರನ್ನ ಮೊದಲೇ ಕೇಳ್ಕೋ, ಬ್ರಿಕ್ಸ್ 21 ಇದ್ದರೆ ರೋಸೆಗಾದರೂ, ಆ ಗುಲಾಬಿ ಬಣ್ಣದ ವೈನಿಗೆ, ಆಗುತ್ತೆ. ಇಳಿಜಾರಿನದು ನಿಲ್ಲಲಿ, ಅಲ್ಲಿ ಗಾಳಿ ಇದೆ. ಗೊಂಚಲಿನ ಸುತ್ತ ಬೆಳಗಿನ ಬಿಸಿಲು ಬೀಳೋ ಕಡೆ ಮಾತ್ರ ನಾಲ್ಕು ಎಲೆ ತೆಗೆಸು, ಎಲ್ಲ ಬೋಳಿಸಬೇಡ. ಸಣ್ಣ ಮಳೆಯಾದರೆ ಗಾಬರಿಯಲ್ಲಿ ಅವತ್ತೇ ಕೊಯ್ಯಬೇಡ. ಹಣ್ಣು ನೀರು ಕುಡಿದು ಸಪ್ಪೆಯಾಗಿರುತ್ತೆ, ಒಂದೆರಡು ದಿನ ಬಿಸಿಲು ಬಿದ್ದರೆ ಸುಧಾರಿಸಿಕೊಳ್ಳುತ್ತೆ. ಹಣ್ಣು ಒಡೆದಿದ್ದರೆ ಮಾತ್ರ ಕಾಯೋ ಪ್ರಶ್ನೆ ಇಲ್ಲ. ಇದೆಲ್ಲ ನಿನಗೆ ಗೊತ್ತಿರುತ್ತೆ ಬಿಡು, ಓದಿದವಳು.

ಒಂದು ಮಾತ್ರ ನೀನು ಬರೆದೇ ಇಲ್ಲ. ನಾಳೆ ಇಳಿಜಾರಿನ ಮೇಲಿನ ಸಾಲಿಂದ ಹತ್ತು ಹಣ್ಣು, ನೆರಳಿನ ಕಡೆಯವು, ಬಾಯಿಗೆ ಹಾಕ್ಕೊಂಡು ಬೀಜ ಅಂಗೈಗೆ ಉಗುಳು. ಇನ್ನೂ ಹಸಿರಾ, ಮಾಗಿ ಕಂದು ತಿರುಗಿದೆಯಾ? ಕಚ್ಚಿದರೆ ಕಟುಂ ಅನ್ನುತ್ತಾ? ನೋಡಿ ತಕ್ಷಣ ಫೋನ್ ಮಾಡು. ಕಾಗದ ಬರೀಬೇಡ, ಲೇಟ್ ಆಗುತ್ತೆ.

ನಿನ್ನ ದೊಡ್ಡಪ್ಪ