ಕಲಾ ಕಾಲೇಜಿಗೆ ಸರಿಪಾಲು ದೇಣಿಗೆ: ರಸೀದಿ ಮೊದಲಾಗಲಿ

ಮಾನ್ಯರೇ,

ಶಿವಮೊಗ್ಗ ಸೀಮೆಯ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘಗಳು ದೇಣಿಗೆ ಕೇಳುವುದು ಹೊಸತಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಕೊಡುಗೆಯನ್ನು ವಿಚಾರಿಸುವ ಭಾಗವೊಂದು ಇರುವುದರಿಂದ ಕಾಲೇಜುಗಳಿಗೂ ಅದು ಬೇಕಾಗಿದೆ. ಆದರೆ ಬಿ.ಎ. ಓದಿದ ನಮ್ಮಲ್ಲಿ ಹೆಚ್ಚಿನವರು ಶಿಕ್ಷಕರು, ಗುಮಾಸ್ತರು, ಪೊಲೀಸರು ಅಥವಾ ತೋಟ ನೋಡಿಕೊಂಡು ಊರಲ್ಲೇ ಉಳಿದವರು. ಐನೂರು, ಸಾವಿರ ಕೊಟ್ಟರೆ ಏನು ಮಹಾ ಆದೀತು ಎಂಬ ಸಂಕೋಚದಿಂದಲೇ ಎಷ್ಟೋ ಜನ ಏನನ್ನೂ ಕೊಡದೆ ಸುಮ್ಮನಾಗುತ್ತಾರೆ. ಈ ಸಂಕೋಚವನ್ನು ಕಳೆಯಬಲ್ಲ ಸರಿಪಾಲು ದೇಣಿಗೆಯನ್ನು ಕುವೆಂಪು ವಿಶ್ವವಿದ್ಯಾಲಯವೂ ಅದರ ವ್ಯಾಪ್ತಿಯ ಕಲಾ ಕಾಲೇಜುಗಳೂ ಪರಿಶೀಲಿಸಬೇಕೆಂದು ಕೋರುತ್ತೇನೆ.

ಸರಿಪಾಲು ಎಂದರೆ ಇಷ್ಟೇ: ಉಳ್ಳವರೊಬ್ಬರು, ಇಲ್ಲವೇ ಒಂದು ಕಂಪನಿ, ಇಂಥ ದಿನದೊಳಗೆ ಉಳಿದವರಿಂದ ಎಷ್ಟು ಸೇರುತ್ತದೋ ಅಷ್ಟನ್ನು, ಇಂತಿಷ್ಟು ಲಕ್ಷದ ಮಿತಿಯವರೆಗೆ, ತಾವೂ ಕೊಡುವುದಾಗಿ ಮಾತು ಕೊಡುತ್ತಾರೆ. ಆಗ ನನ್ನ ಸಾವಿರ ಕಾಲೇಜಿಗೆ ಎರಡು ಸಾವಿರವಾಗಿ ತಲುಪುತ್ತದೆ. ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರತಿಷ್ಠಾನ 1954ರಲ್ಲಿ ಇದನ್ನು ಆರಂಭಿಸಿದ್ದೇ ನೌಕರರು ತಾವು ಓದಿದ ಕಾಲೇಜಿಗೆ ಕೊಟ್ಟ ಹಣಕ್ಕೆ ಸಮನಾದ ಹಣ ಸೇರಿಸುವುದಕ್ಕಾಗಿ. ಒಂದಕ್ಕೆ ಎರಡು, ಮೂರು ಪಟ್ಟು ಕೊಡುವ ಮಹಾದಾನಿಗಾಗಿ ಕಾಯುವ ಅಗತ್ಯವೂ ಇಲ್ಲ. ಡೀನ್ ಕಾರ್ಲನ್ ಮತ್ತು ಜಾನ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 50,000 ಹಳೆಯ ದಾನಿಗಳಿಗೆ ಪತ್ರ ಕಳಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಿಪಾಲಿನ ಪ್ರಸ್ತಾಪವಿದ್ದ ಪತ್ರಗಳಿಂದ ಬಂದ ಹಣ ಸರಾಸರಿ ಶೇ 19ರಷ್ಟು ಹೆಚ್ಚಿತ್ತು. ಒಂದಕ್ಕೆ ಮೂರು ಎಂದಾಗ ಅದು ಮತ್ತೇನೂ ಏರಲಿಲ್ಲ.

ಆದರೆ ಹಣ ಕೊಡುವವರ ಕೊರತೆಗಿಂತ ಲೆಕ್ಕ ಕೊಡುವವರ ಕೊರತೆಯೇ ನಮ್ಮಲ್ಲಿ ದೊಡ್ಡದು. ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ನಲವತ್ತು ಚಿಲ್ಲರೆ ಮಂದಿ, ನಾವು ಓದಿದ ಕಾಲೇಜಿನ (ಹೆಸರು ಇಲ್ಲಿ ಬೇಡ) ಗ್ರಂಥಾಲಯಕ್ಕೆಂದು ಹಣ ಸೇರಿಸಿ ಕೊಟ್ಟೆವು. ಅಲ್ಲಿ ಮಳೆಗಾಲ ಬಂತೆಂದರೆ ಇತಿಹಾಸದ ಪುಸ್ತಕಗಳಿದ್ದ ಗೋಡೆ ಒಸರುತ್ತಿತ್ತು. ಬೀರುವನ್ನು ನಡುಕೋಣೆಗೆ ಎಳೆದು ಮೇಲೆ ನೀಲಿ ಟಾರ್ಪಾಲು ಹೊದಿಸಿದ್ದರು, ಪುಟ ತಿರುಗಿಸಿದರೆ ಬೂಷ್ಟಿನ ಪುಡಿ ಕೈಗೆ ಹತ್ತುತ್ತಿತ್ತು. ಹಣ ಕೊಟ್ಟ ಎರಡನೆಯ ಮಳೆಗಾಲದಲ್ಲಿ ಹೋಗಿ ನೋಡಿದಾಗಲೂ ಟಾರ್ಪಾಲು ಅಲ್ಲೇ ಇತ್ತು. ಹಣ ಕದ್ದರೆಂದು ನಾನು ಹೇಳುತ್ತಿಲ್ಲ. ಯಾವ ಖಾತೆಯಲ್ಲಿದೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ, ರಸೀದಿಯಂತೂ ಯಾರಿಗೂ ಸಿಕ್ಕಿರಲಿಲ್ಲ.

ಸರಿಪಾಲು ದೇಣಿಗೆಯಲ್ಲಿ ಈ ಉದಾಸೀನ ನಡೆಯದು. ಉಳಿದವರು ಎಷ್ಟು ಕೊಟ್ಟರೆಂಬ ಲೆಕ್ಕ ಸಿಗದೆ ಮಾತು ಕೊಟ್ಟವರು ಹಣ ಬಿಡಿಸುವುದಿಲ್ಲವಾದ್ದರಿಂದ, ಸಂಘ ನೋಂದಣಿಯಾಗಿರಬೇಕು, ಬೇರೆಯದೇ ಖಾತೆ ಬೇಕು, ಕೊಟ್ಟವರಿಗೆ ತೆರಿಗೆ ರಿಯಾಯಿತಿ ಸಿಗುವ, 80ಜಿ ಎಂದು ರೂಢಿಯಲ್ಲಿರುವ ಮಾನ್ಯತೆಯೂ ಇದ್ದರೆ ಒಳ್ಳೆಯದು. 2,000 ರೂಪಾಯಿ ಮೀರಿದ ನಗದಿಗೆ ಆ ರಿಯಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಂತೂ ಇಲ್ಲವೇ ಇಲ್ಲ ಎಂಬುದನ್ನು ಮೊದಲೇ ತಿಳಿಸುವುದು ಮರ್ಯಾದೆ. ಜೊತೆಗೆ, ಮಾತು ಕೊಟ್ಟವರ ಷರತ್ತು ನಿಜವಾದದ್ದಾಗಿರಬೇಕು. ಹೇಗೂ ಕೊಡಲಿದ್ದ ಹಣವನ್ನೇ ಸರಿಪಾಲು ಎಂದು ತೋರಿಸಿದರೆ ಅದು ಬಡ ದಾನಿಯ ಕಣ್ಣಿಗೆ ಮಣ್ಣೆರಚಿದಂತೆ.

ಅವಧಿಯನ್ನೂ ಮಲೆನಾಡಿನ ಲೆಕ್ಕದಲ್ಲಿ ಇಡಬೇಕು. ಆಗಸ್ಟಿನಲ್ಲಿ ಕೇಳಿದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚಿನಲ್ಲಿರುವ ಬೆಳೆಗಾರ ಏನು ಕೊಟ್ಟಾನು? ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು, ಅಡಿಕೆ ಮಂಡಿ ಸೇರಿ ದುಡ್ಡು ಕೈಗೆ ಬರುವ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಮೂರು ತಿಂಗಳು ಇಟ್ಟರೆ, ಮಾರ್ಚ್ ಕೊನೆಯಲ್ಲಿ ತೆರಿಗೆಯ ಲೆಕ್ಕ ಹಾಕುವ ನೌಕರರಿಗೂ ಅನುಕೂಲ. ಆ ಮೂರು ತಿಂಗಳೂ ಸೇರಿದ ಮೊತ್ತವನ್ನೂ ಕೊಟ್ಟವರ ಸಂಖ್ಯೆಯನ್ನೂ ವಾರಕ್ಕೊಮ್ಮೆ ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಲಿ.

ಯಾವ ಕಲಾ ಕಾಲೇಜಿನ ಸಂಘವಾದರೂ ಸರಿ, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ ಅಚ್ಚು ಮಾಡಿಸಿ ಈ ಬೇಸಿಗೆಯಲ್ಲಿ ಕೆಲಸ ಆರಂಭಿಸಿದರೆ, ಮೊದಲನೆಯ ರಸೀದಿಗೆ ನನ್ನ 5,000 ರೂಪಾಯಿ ಸಿದ್ಧವಿದೆ.

— ಹಳೆಯ ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು