ಕುಂಬಾರ್ಜುವಾ ಕಾಲುವೆಯ ದಂಡೆಯಲ್ಲಿ ನಮಗಾಗಿ ಎಚ್ಚರವಿದ್ದವರಿಗೆ

ವಾಸ್ಕೋ, ಪಣಜಿ, ಫೋಂಡಾದ ಕನ್ನಡ ಬಳಗಕ್ಕೂ ಊರಿನಲ್ಲಿರುವ ನೆಂಟರಿಷ್ಟರಿಗೂ ನಮಸ್ಕಾರ. ನಮ್ಮ ಪುಟ್ಟ ಹಾಯಿದೋಣಿ ಜುವಾರಿ ನದಿಯಿಂದ ಹೊರಟು, ಕುಂಬಾರ್ಜುವಾ ಕಾಲುವೆ ದಾಟಿ, ಮಾಂಡವಿಯ ಹರಿವು ಹಿಡಿದು ಪಣಜಿ ಮುಟ್ಟಿದೆ. ನಮ್ಮ ಯಜಮಾನರು, ಇವರು, ಚೆನ್ನಾಗಿದ್ದಾರೆ. ಮೊನ್ನೆಯಿಂದ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಕಳೆದ ಎರಡು ವರ್ಷ ನಮ್ಮ ಮನೆಯಲ್ಲಿ ಏನೇನಾಯಿತು ಎಂಬುದು ನಿಮಗೆ ಗೊತ್ತಿರುವುದರಿಂದ ಅದನ್ನು ಮತ್ತೆ ಬಿಡಿಸುವುದಿಲ್ಲ. ಹಾಸಿಗೆಯಿಂದ ಏಳಲಾಗದ ದಿನಗಳಲ್ಲೂ ಇವರು ಮುರ್ಗಾಂವ್ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಎದ್ದು ಓಡಾಡುವಂತಾದರೆ ಮೊದಲು ಈ ದಾರಿಯಲ್ಲಿ ಹೋಗಬೇಕು ಎಂಬುದು ಇವರ ಹಟ. ಖಾನಾಪುರದವರಿಗೆ ಆ ನದಿಯ ಮೇಲೆ ಹಟ ಇರದೆ ಇರುತ್ತದೆಯೇ? ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿಗೆ ಬಂದು ಮಾಂಡವಿಯಾಗುತ್ತದೆ.

ದೋಣಿಯ ಕಾಗದಪತ್ರ ಸರಿಪಡಿಸಿಕೊಳ್ಳಲು ತಾಳ್ಮೆಯಿಂದ ದಾರಿ ತೋರಿಸಿದ ಕ್ಯಾಪ್ಟನ್ ಆಫ್ ಪೋರ್ಟ್ಸ್ ಕಚೇರಿಯ ಸಿಬ್ಬಂದಿ, ಹಾಯಿ ಹೊಲಿದುಕೊಟ್ಟ ದರ್ಜಿ, ಚೀಲದ ತುಂಬ ಅಗಶಿ ಊರಿನ ಬದನೆಕಾಯಿ ಕೊಟ್ಟು ದುಡ್ಡು ಮುಟ್ಟದ ಹೆಂಗಸು, ಮನೆಯ ಗಿಡಗಳಿಗೆ ನೀರುಣಿಸಿದ ಪಕ್ಕದ ಮನೆಯವರು, ರೊಟ್ಟಿ ಕಟ್ಟಿಕೊಟ್ಟ ನಾದಿನಿ, ಎಲ್ಲರಿಗೂ ನಮ್ಮಿಬ್ಬರ ನಮಸ್ಕಾರ. ಉಳಿದುದೆಲ್ಲ ಒಬ್ಬರಿಗೆ ಸಲ್ಲಬೇಕಾದ ಮಾತು.

ಕುಂಬಾರ್ಜುವಾ ಕಾಲುವೆ ಜುವಾರಿಯನ್ನೂ ಮಾಂಡವಿಯನ್ನೂ ಜೋಡಿಸುತ್ತದೆ. 2016ರ ಕಾಯ್ದೆಯ ಪ್ರಕಾರ ಅದು 17 ಕಿ.ಮೀ. ಉದ್ದದ ರಾಷ್ಟ್ರೀಯ ಜಲಮಾರ್ಗ. ಇಕ್ಕೆಲಗಳಲ್ಲೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರ ಹಿಂದೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿದ, ನಮ್ಮ ಕುಮಟಾ ಕಡೆಯ ಗಜನಿಯಂತಹ ಖಾಜಾನ್ ಗದ್ದೆಗಳು. ತಿರುವು ಮುರುವಿನ ಆ ಜಾಗದಲ್ಲಿ ಹಾಯಿಗೆ ಗಾಳಿ ದಕ್ಕುವುದಿಲ್ಲ. ಸೇತುವೆಗಳ ಕೆಳಗೆ ಹಾಯಬೇಕಾದ್ದರಿಂದ ಹಾಯಿಕಂಬವನ್ನೂ ಇಳಿಸಿ ಮಲಗಿಸಿದ್ದೆವು. ನೆಚ್ಚಿಕೊಂಡಿದ್ದು ಹಿಂಬದಿಯ ಚಿಕ್ಕ ಎಂಜಿನ್ ಒಂದನ್ನೇ. ಸಂಜೆ ಕಪ್ಪಾಗುವ ಹೊತ್ತಿಗೆ ತೇಲಿಬಂದ ನೈಲಾನ್ ಬಲೆಯ ತುಂಡೊಂದು ಅದರ ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಎಂಜಿನ್ ನಿಂತಿತು. ಇಳಿತದ ನೀರು ದೋಣಿಯನ್ನು ಪಕ್ಕಕ್ಕೆ ಒಯ್ದು ಕೆಸರದಿಬ್ಬಕ್ಕೆ ಕೂರಿಸಿ, ತಾನು ಇಳಿದುಹೋಯಿತು.

ಇವರಿಗೆ ಆಗಲೇ ಆಯಾಸ ಶುರುವಾಗಿತ್ತು. ಡಾಕ್ಟರು ಫೋನಿನಲ್ಲಿ ಯಾವ ಮಾತ್ರೆ, ಎಷ್ಟು ಹೊತ್ತಿಗೊಮ್ಮೆ ಎಂದು ಹೇಳಿದರು. ರಾತ್ರಿಯಿಡೀ ಫೋನು ಎತ್ತಿದ ಅವರಿಗೆ ನಾವು ಋಣಿಗಳು. ಆದರೆ ಇವರನ್ನು ದಡಕ್ಕೆ ಸಾಗಿಸುವ ದಾರಿ ಇರಲಿಲ್ಲ. ಕಾಲಿಟ್ಟರೆ ತೊಡೆಯವರೆಗೆ ಹೂಳುವ ಕೆಸರು, ಮೇಲಾಗಿ ಅದು ಮೊಸಳೆಗಳಿರುವ ನೀರು. ಬೋರಿ, ದುರ್ಭಾಟ್ ಕಡೆ ಪುಷ್ಯ ಅಮಾವಾಸ್ಯೆಗೆ ರೈತರು ಕೆಸರಿನಲ್ಲೇ ಮೊಸಳೆಯ ಆಕಾರ ಮಾಡಿ ಪೂಜಿಸುತ್ತಾರೆ. ಅದನ್ನು ನೋಡಲು ಒಮ್ಮೆ ಎಷ್ಟು ಖುಷಿಯಿಂದ ಹೋಗಿದ್ದೆವು!

ಎದುರಿಗೆ ಬಾರ್ಜ್ (ಸರಕು ಸಾಗಿಸುವ ದೋಣಿ) ದುರಸ್ತಿ ಮಾಡುವ ಜಾಗವೊಂದಿತ್ತು. ನಾನು ಕೂಗಿದ್ದು ಹಿಂದಿಯಲ್ಲಿ, ಆಮೇಲೆ ಕೊಂಕಣಿಯಲ್ಲಿ. ಟಾರ್ಚ್ ಹಿಡಿದು ಬಂದ ರಾತ್ರಿ ಕಾವಲುಗಾರರಿಗೆ ನಾನು ಇವರೊಂದಿಗೆ ಆಡಿದ ಮಾತು ಕೇಳಿಸಿರಬೇಕು. "ಹೆದರಬೇಡಿ ಅಕ್ಕ, ನಾನಿದ್ದೇನೆ" ಎಂದು ಕನ್ನಡದಲ್ಲೇ ಅಂದರು. ಗದಗ ಜಿಲ್ಲೆಯ ರೋಣದ ಕಡೆಯವರು. ಕೆಲಸಕ್ಕೆ ತೊಂದರೆಯಾಗಬಾರದೆಂದು ಹೆಸರು ಬರೆಯದಂತೆ ಕೇಳಿಕೊಂಡಿದ್ದಾರೆ.

ಅವರು ಎಸೆದ ಹಗ್ಗ ಎರಡು ಸಲ ಕೆಸರಿಗೆ ಬಿತ್ತು, ಮೂರನೆಯ ಸಲ ನನ್ನ ಕೈಗೆ ಬಂತು. ನೀರು ಮತ್ತೆ ಏರುವಾಗ ದೋಣಿ ಇನ್ನೂ ಮೇಲಿನ ದಿಬ್ಬಕ್ಕೆ ಹೋಗಿಬಿಡಬಾರದೆಂದು ಹಗ್ಗದ ಇನ್ನೊಂದು ತುದಿಯನ್ನು ಜೆಟ್ಟಿಯ ಗೂಟಕ್ಕೆ ಬಿಗಿದರು. 108 ಆಂಬುಲೆನ್ಸ್‌ಗೆ ಹೇಳಬೇಕಾಗಿ ಬಂದರೆ ತಡವರಿಸಬಾರದೆಂದು ಅಲ್ಲಿಗೆ ಬರುವ ರಸ್ತೆಯ ಗುರುತುಗಳನ್ನು ಅಂಗೈಯ ಮೇಲೆ ಬರೆದುಕೊಂಡರು. ಅಷ್ಟಾದ ಮೇಲೆ ಮಾಡಬಹುದಾದ ಕೆಲಸವೇ ಉಳಿದಿರಲಿಲ್ಲ. ಇಳಿತ ಮುಗಿಯಬೇಕು, ಉಬ್ಬರ ಬರಬೇಕು. ಅವರು ಕೊಠಡಿಗೆ ಹಿಂತಿರುಗಿ ಕಂಬಳಿ ಹೊದ್ದು ಕೂರಬಹುದಿತ್ತು. ಹಾಗೆ ಮಾಡಲಿಲ್ಲ. ಸೊಳ್ಳೆಗಳ ನಡುವೆ ಜೆಟ್ಟಿಯ ಅಂಚಿನಲ್ಲೇ ಕುಳಿತರು.

ಜೆಟ್ಟಿಯ ಗೋಡೆಗೆ ಬಾರ್ಜ್ ಉಜ್ಜದಂತೆ ಹಳೆಯ ಲಾರಿ ಟೈರುಗಳನ್ನು ಒಂದರ ಕೆಳಗೊಂದು ನೇತುಹಾಕಿದ್ದರು. ಅವರು ಅದಕ್ಕೆ ಟಾರ್ಚ್ ಬಿಟ್ಟು ನೀರಿನ ಮಟ್ಟ ಹೇಳತೊಡಗಿದರು. ಕೆಳಗಿನ ಟೈರು ಪೂರ್ತಿ ಕಾಣುತ್ತಿದೆ ಅಕ್ಕ, ನೀರು ನಿಂತಿದೆ. ಈಗ ಟೈರಿನ ಅಡಿ ಒದ್ದೆಯಾಯಿತು. ಅರ್ಧ ಮುಳುಗಿತು. ನಡುವೆ ತಮ್ಮ ಊರಿನ ಜೋಳದ ಹೊಲ, ಬಾರದ ಮಳೆ, ಶಾಲೆಗೆ ಹೋಗುವ ಮಕ್ಕಳ ಸುದ್ದಿ. ಯಾಕೆ ಇಷ್ಟು ಮಾತನಾಡುತ್ತಿದ್ದಾರೆಂದು ನನಗೆ ಆಮೇಲೆ ಹೊಳೆಯಿತು. ನಾನು ಸುಮ್ಮನಾದಾಗಲೆಲ್ಲ ಅವರು ಏನಾದರೊಂದು ಪ್ರಶ್ನೆ ಕೇಳುತ್ತಿದ್ದರು.

ವಾಲಿದ ದೋಣಿಯಲ್ಲಿ ಇವರನ್ನು ತಬ್ಬಿ ಹಿಡಿದು, ಎದೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಒಂದು ಹೊತ್ತಿನಲ್ಲಿ ಇವರು ನನ್ನ ಮಾತಿಗೆ ಉತ್ತರಿಸಲಿಲ್ಲ. ಆಸ್ಪತ್ರೆಯಲ್ಲಿ ಎರಡು ವರ್ಷ ಕಾದು ಉಳಿಸಿಕೊಂಡವರನ್ನು ಈ ಕೆಸರಿನಲ್ಲಿ ಕಳೆದುಕೊಳ್ಳುತ್ತೇನೆ ಎನಿಸಿತು. ಮನೆದೇವರ ಹೆಸರೂ ಬಾಯಿಗೆ ಬರಲಿಲ್ಲ. ಜೋರಾಗಿ ಅತ್ತುಬಿಟ್ಟೆ. ದಂಡೆಯಿಂದ ಅವರು ನನ್ನನ್ನು ಸಮಾಧಾನ ಮಾಡಲು ಹೋಗದೆ, ಇವರನ್ನೇ ಕೂಗಿದರು. "ಸರ್, ಒಮ್ಮೆ ಕೆಮ್ಮಿ. ನನಗೆ ಕೇಳಿಸಬೇಕು." ಇವರು ಕೆಮ್ಮಿದರು. ಅಲ್ಲಿಂದ ಮುಂದೆ ಆಗಾಗ ಕೂಗುವುದು, ಇವರು ಕೆಮ್ಮುವುದು, "ಕೇಳಿಸಿತು" ಎನ್ನುವುದು. ಬೆಳಗಿನ ಜಾವಕ್ಕೆ ಎರಡನೆಯ ಟೈರು ಮುಳುಗಿದಾಗ ದೋಣಿ ನಿಧಾನವಾಗಿ ನೆಟ್ಟಗಾಯಿತು. ಅವರು ಹಗ್ಗ ಎಳೆದು ಜೆಟ್ಟಿಗೆ ತಂದು, ಇವರನ್ನು ಎತ್ತಿಕೊಂಡೇ ಮೇಲೆ ಹತ್ತಿಸಿದರು. ಅವರ ಅಂಗೈ ಹಗ್ಗದ ಉಜ್ಜಿಗೆ ಸುಲಿದುಹೋಗಿತ್ತು. ಬರೆದುಕೊಂಡಿದ್ದ ರಸ್ತೆಯ ಗುರುತು ಅಳಿಸಿತ್ತು. ಚಹಾ ಕಾಯಿಸಿ ಕೊಟ್ಟು, ಹಗಲು ಪಾಳಿಯವರು ಬಂದ ಮೇಲೆಯೇ ಮಲಗಲು ಹೋದರು.

ಪ್ರೊಪೆಲ್ಲರಿನ ಬಲೆ ಕತ್ತರಿಸಿಕೊಟ್ಟ ಮೀನುಗಾರರಿಗೂ, ಕಾರು ತಂದು ಆಸ್ಪತ್ರೆಗೆ ಕರೆದೊಯ್ದ ಗೆಳೆಯರಿಗೂ ವಂದನೆಗಳು. ಡಾಕ್ಟರು ಒಪ್ಪಿದ ಮೇಲೆ, ಇವರ ಅಣ್ಣನ ಮಗನನ್ನು ಜೊತೆಗಿಟ್ಟುಕೊಂಡು ಉಳಿದ ದಾರಿ ಮುಗಿಸಿದೆವು. ಮಾಂಡವಿಗೆ ಬಂದೊಡನೆ ಗಾಳಿ ಸಿಕ್ಕಿತು. ದಿವಾಡಿಯ ಫೆರ್ರಿ, ಹಳೆ ಗೋವಾದ ವೈಸ್‌ರಾಯ್ ಕಮಾನು, ಚೋಡಣದ ಕಾಂಡ್ಲಾ ಕಾಡು, ಎಲ್ಲವನ್ನೂ ಹಾಯಿ ಬಿಚ್ಚಿಕೊಂಡೇ ದಾಟಿದೆವು. ಇವರು ಚುಕ್ಕಾಣಿ ಬಿಟ್ಟುಕೊಡಲಿಲ್ಲ. ಒಮ್ಮೆ ಬಗ್ಗಿ ಬೊಗಸೆ ನೀರು ಎತ್ತಿ ಮುಖಕ್ಕೆ ಹಾಕಿಕೊಂಡು, "ನಮ್ಮೂರಿನದು" ಎಂದರು. ಉಪ್ಪುನೀರೇ ಆದರೂ ನಾನು ಹೌದೆಂದೆ.

ರೋಣದ ಆ ತಮ್ಮನಿಗೆ ಈ ಬರಹ ತಲುಪುತ್ತದೆ, ನಾನೇ ಫೋನಿನಲ್ಲಿ ಓದಿ ಹೇಳುತ್ತೇನೆ. ದುಡ್ಡಿನ ಮಾತು ಎತ್ತಿದಾಗ ನೊಂದುಕೊಂಡರು. ಊಟಕ್ಕೆ ಕರೆದಾಗ ಮಾತ್ರ ಒಪ್ಪಿದರು. ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಸ್ಕೋಗೆ ಬರುತ್ತಿದ್ದಾರೆ. ಮಕ್ಕಳಿಬ್ಬರೂ ದೋಣಿ ಹತ್ತಬೇಕಂತೆ. ಎಂಟು, ಹತ್ತು ವರ್ಷದ ಮಕ್ಕಳ ಅಳತೆಯ ಲೈಫ್ ಜಾಕೆಟ್ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.