ಋಷಿಕೇಶದ ಆ ಏಪ್ರಿಲ್: ತಮ್ಮನಿಗೊಂದು ಪತ್ರ

ಪ್ರೀತಿಯ ತಮ್ಮ,

ಇಂಗ್ಲೆಂಡಿನ ಸಂಗೀತ ತಂಡ ಬೀಟಲ್ಸ್ ಮತ್ತು ಅವರಿಗೆ ಧ್ಯಾನ ಕಲಿಸಿದ ಗುರು ಮಹರ್ಷಿ ಮಹೇಶ ಯೋಗಿಯವರ ಬಗ್ಗೆ ನೀನು ಬರೆದ ಲೇಖನ ಓದಿದೆ. ಬರವಣಿಗೆಗೆ ಓಟವಿದೆ, ಸಂತೋಷ. ಆದರೆ ‘ಗುರುವಿನ ನಡತೆಯಿಂದ ಬೇಸತ್ತು ಬೀಟಲ್ಸ್ ಆಶ್ರಮ ಬಿಟ್ಟರು’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟಿದ್ದೀಯಲ್ಲ, ಅಲ್ಲಿ ತಡೆದು ನಿಂತೆ.

ಬಿಟ್ಟವರು ಯಾರು? 1968ರ ಫೆಬ್ರವರಿಯಲ್ಲಿ ನಾಲ್ವರೂ ಋಷಿಕೇಶಕ್ಕೆ ಬಂದದ್ದು ನಿಜ. ರಿಂಗೋ ಸ್ಟಾರ್ ಎರಡು ವಾರ ತುಂಬುವ ಮೊದಲೇ ಹೊರಟರು, ಪಾಲ್ ಮೆಕಾರ್ಟ್ನಿ ಮಾರ್ಚ್ ಕೊನೆಗೆ. ಶಿಷ್ಯೆಯೊಬ್ಬರೊಂದಿಗೆ ಮಹರ್ಷಿ ಅನುಚಿತವಾಗಿ ನಡೆದುಕೊಂಡರು ಎಂಬ ಆರೋಪದ ಗದ್ದಲ ಎದ್ದಾಗ ಏಪ್ರಿಲ್. ಆಗ ಉಳಿದಿದ್ದವರು ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಇಬ್ಬರೇ.

ಇನ್ನು ನೆನಪುಗಳ ವಿಷಯ. ಎಲ್ಲರೂ ಒಂದೇ ದಿನ ಒಂದೇ ಕೋಣೆಯಲ್ಲಿ ಕೂತು ಸಾಕ್ಷಿ ನುಡಿದರೇನೋ ಎನ್ನುವ ಹಾಗೆ ಅವರವರ ಹೇಳಿಕೆಗಳನ್ನು ಸಾಲಾಗಿ ಜೋಡಿಸಿದ್ದೀಯ. ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಹೇಳಿದ ವರ್ಷ ಬರೆದು ನೋಡು.

ಲೆನನ್ ಅವರನ್ನೇ ತೆಗೆದುಕೋ. ಗುರುವಿನ ಬಗ್ಗೆ ಅವರು ಆಡಿದ, ನೀನು ಉಲ್ಲೇಖಿಸಿದ ಕಟುಮಾತು 1970ರ ಡಿಸೆಂಬರ್‌ನ ಸಂದರ್ಶನದ್ದು. ಅಷ್ಟರಲ್ಲಿ ತಂಡ ಒಡೆದಿತ್ತು. ಚೀರಿ, ಅತ್ತು ಬಾಲ್ಯದ ನೋವನ್ನು ಹೊರಹಾಕಿಸುವ ಚಿಕಿತ್ಸೆಯನ್ನು ಅದೇ ವರ್ಷ ಅವರು ಪಡೆದಿದ್ದರು. ಗೆಳೆಯರನ್ನೂ ದೇವರನ್ನೂ ಬಿಡದೆ ಝಾಡಿಸುತ್ತಿದ್ದ ಕಾಲ. ಗುರು ಹೇಗೆ ತಪ್ಪಿಸಿಕೊಂಡಾರು? ಅದೇ ಸಂದರ್ಶನದಲ್ಲಿ ಏಪ್ರಿಲ್ ಗದ್ದಲಕ್ಕೆ ನಟಿ ಮಿಯಾ ಫ್ಯಾರೋ ಹೆಸರನ್ನು ಎಳೆದರು. ಫ್ಯಾರೋ ಮಾರ್ಚ್‌ನಲ್ಲೇ ಋಷಿಕೇಶ ಬಿಟ್ಟಿದ್ದರು! ಹಾಗೆಂದು ಲೆನನ್ ಕಟ್ಟುಕತೆ ಹೇಳಿದರು ಎನ್ನಲು ಓಡಬೇಡ. ಧ್ಯಾನ ಮುಗಿದ ಮೇಲೆ ಮಹರ್ಷಿ ತಮ್ಮನ್ನು ತೋಳುಗಳಿಂದ ಬಳಸಿದ್ದನ್ನು, ತಾವು ಗಾಬರಿಯಿಂದ ಮೆಟ್ಟಿಲೇರಿ ಓಡಿದ್ದನ್ನು ಫ್ಯಾರೋ 1997ರ ಆತ್ಮಕಥೆಯಲ್ಲಿ ಬರೆದರು. ಎರಡು ಬೇರೆ ಸಂಗತಿಗಳು ಲೆನನ್ ನೆನಪಿನಲ್ಲಿ ಬೆಸೆದುಕೊಂಡಿರಬಹುದು. ‘ಇರಬಹುದು’ ಎಂದೇ ಬರೆ, ನಾಚಿಕೆ ಬೇಡ.

ಲೆನನ್ ಅವರ ಮೊದಲ ಹೆಂಡತಿ ಸಿಂಥಿಯಾ ಏಪ್ರಿಲ್‌ನಲ್ಲಿ ಅಲ್ಲೇ ಇದ್ದವರು. ಅವರು 1978ರ ಪುಸ್ತಕದಲ್ಲಿ ಅನುಮಾನಪಟ್ಟದ್ದು ಗುರುವನ್ನಲ್ಲ, ಆರೋಪ ಹೊತ್ತು ತಂದ ಬೀಟಲ್ಸ್ ಗೆಳೆಯ ಅಲೆಕ್ಸ್ ಮಾರ್ದಾಸ್‌ನನ್ನು. ಋಷಿಕೇಶದಿಂದ ಮರಳಿದ ಅದೇ ವರ್ಷ ಅವರಿಗೆ ವಿಚ್ಛೇದನವಾಯಿತು. ನೊಂದವರ ಮಾತನ್ನು ತಳ್ಳಿಹಾಕು ಎನ್ನುತ್ತಿಲ್ಲ. ಅವರು ಎಲ್ಲಿ ನಿಂತು ಹಿಂತಿರುಗಿ ನೋಡುತ್ತಿದ್ದಾರೆ ಎಂಬುದು ಓದುಗನಿಗೂ ಕಾಣಲಿ.

ಲೇಖಕ ದೀಪಕ್ ಚೋಪ್ರಾ ಅವರದು ಇನ್ನೂ ಸೂಕ್ಷ್ಮ. ಬೀಟಲ್ಸ್ ಮಾದಕ ವಸ್ತು ಸೇವಿಸುತ್ತಿದ್ದುದೇ ಬಿರುಕಿಗೆ ಕಾರಣವೆಂದೂ, 1991ರಲ್ಲಿ ಹ್ಯಾರಿಸನ್ ಹೋಗಿ ಮಹರ್ಷಿಯ ಕ್ಷಮೆ ಕೇಳಿದರೆಂದೂ ಅವರು 2006ರಲ್ಲಿ ಹೇಳಿದರು. ಹ್ಯಾರಿಸನ್ ತೀರಿಕೊಂಡು ಆಗ ನಾಲ್ಕು ವರ್ಷ ದಾಟಿತ್ತು. ಚೋಪ್ರಾ 1968ರಲ್ಲಿ ಆ ತಂಡದ ಜೊತೆ ಇದ್ದವರೂ ಅಲ್ಲ, ಮುಂದೆ ಮಹರ್ಷಿಯ ಆಪ್ತ ಬಳಗ ಸೇರಿ ಹೊರಬಂದವರು. ಇದನ್ನು ನೀನು ‘ಕೊನೆಗೂ ಬಯಲಾದ ಸತ್ಯ’ ಎಂದು ಕರೆದಿದ್ದೀಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಊರಿನವರು ನಾವು, ಇಷ್ಟು ಅವಸರವೇಕೆ?

ಒಂದು ತಮಾಷೆ ಗಮನಿಸಿದೆಯಾ? ರಿಂಗೋ ಸೂಟ್‌ಕೇಸ್ ತುಂಬ ಡಬ್ಬಿ ಬೀನ್ಸ್ ತಂದದ್ದರ ಬಗ್ಗೆ, ಅವರ ಹೆಂಡತಿ ಮೌರೀನ್‌ಗೆ ನೊಣ ಕಂಡರೆ ಆಗುತ್ತಿರಲಿಲ್ಲ ಎಂಬುದರ ಬಗ್ಗೆ ಜಗಳವೇ ಇಲ್ಲ. ಬೀನ್ಸಿನಿಂದ ಯಾರ ಮಾನವೂ ಹೋಗುವುದಿಲ್ಲ ನೋಡು. ಆ ಪುಟ ಚೆನ್ನಾಗಿದೆ, ಮುಟ್ಟಬೇಡ.

‘ನಡೆದದ್ದು ಗಂಗೆಗೆ ಮಾತ್ರ ಗೊತ್ತು’ ಎಂದು ಮುಗಿಸಿದ್ದೀಯ. ಆ ಸಾಲನ್ನು ಹೊಡೆದುಹಾಕು, ಗಂಗೆಗೆ ಬೇರೆ ಕೆಲಸವಿದೆ. ತಿದ್ದಿದ ಪ್ರತಿಯನ್ನು ಅಂಚೆಯಲ್ಲೇ ಕಳಿಸು. ಮೊಬೈಲ್‌ನಲ್ಲಿ ಓದಲು ಕಣ್ಣು ಒಪ್ಪುವುದಿಲ್ಲ.

ಇತಿ,
ನಿನ್ನ ಅಣ್ಣ